ಷೆವರ್ಲೆ ಹೆಸರಿನ ಸುಬಾರು: ಇಪ್ಪತ್ತು ವರ್ಷದ ಫಾರೆಸ್ಟರ್ ಅನ್ನು ಕಮ್ಮಿ ಖರ್ಚಲ್ಲಿ ಓಡಿಸುವುದು ಹೇಗೆ?

ಬೆಂಗಳೂರಿನ ಜಯನಗರ, ಮಲ್ಲೇಶ್ವರದ ಹಳೆಯ ಬೀದಿಗಳಲ್ಲಿ ಒಮ್ಮೊಮ್ಮೆ ಒಂದು ಕಾರು ಕಣ್ಣಿಗೆ ಬೀಳುತ್ತದೆ. ಪೆಟ್ಟಿಗೆಯಂಥ ಮೈ, ಅಗಲವಾದ ಗಾಜುಗಳು, ಮೂಗಿನ ಮೇಲೆ ಷೆವರ್ಲೆ ಗುರುತು, ಹಿಂಬದಿಯಲ್ಲಿ ‘ಫಾರೆಸ್ಟರ್’ ಎಂಬ ಹೆಸರು. ಬಾನೆಟ್ ಎತ್ತಿ ನೋಡಿದರೆ ಒಳಗಿರುವುದು ಮಾತ್ರ ಜಪಾನಿನ ಸುಬಾರು.

2000ರ ದಶಕದಲ್ಲಿ ನಮ್ಮಲ್ಲಿ ಮಾರಾಟವಾದ ಈ ಕಾರುಗಳಿಗೆ ಈಗ ಒಂದೊಂದಾಗಿ ಇಪ್ಪತ್ತು ವರ್ಷ ತುಂಬುತ್ತಿದೆ. ಇದೇ ಹೊತ್ತಿಗೆ ಎರಡು ಚಿಂತೆ ಒಟ್ಟಿಗೆ ಬಂದಿವೆ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೊಮ್ಮೆ ಗಾಡಿ ತೋರಿಸಿ ಆರ್‌ಸಿ ನವೀಕರಿಸಬೇಕು. 2022ರ ಏಪ್ರಿಲ್‌ನಿಂದ ಕಾರಿಗೆ ಈ ಶುಲ್ಕ 5,000 ರೂಪಾಯಿ ಇತ್ತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರುಗಳಿಗೆ ಅದನ್ನು 10,000ಕ್ಕೆ ಏರಿಸಲಾಯಿತು. ಆಮದು ಕಾರು ಎಂದು ದಾಖಲಾಗಿದ್ದರೆ 80,000. ಫಾರೆಸ್ಟರ್ ಜಪಾನ್‌ನಲ್ಲಿ ತಯಾರಾದ ಗಾಡಿ. ಹಾಗಾಗಿ ನಿಮ್ಮ ಆರ್‌ಸಿಯಲ್ಲಿ ಅದು ಹೇಗೆ ನಮೂದಾಗಿದೆ ಅಂತ ಮೊದಲೇ ನೋಡಿಕೊಳ್ಳಿ. ಎರಡನೇ ಚಿಂತೆ ಪೆಟ್ರೋಲ್‌ನದು. ಅದಕ್ಕೆ ಆಮೇಲೆ ಬರುತ್ತೇನೆ.

‘ಮಾರಿಬಿಡೋದಾ, ಇಟ್ಕೊಳ್ಳೋದಾ?’ ಅಂತ ಕೇಳುವವರು ಜಾಸ್ತಿಯಾಗಿದ್ದಾರೆ. ಅಪ್ಪ ಓಡಿಸುತ್ತಿದ್ದ ಕಾರು ಕೈಗೆ ಬಂದವರು ಕೆಲವರು, ಕಮ್ಮಿ ಬೆಲೆಗೆ ಸಿಕ್ಕಿತು ಅಂತ ಕೊಂಡವರು ಕೆಲವರು. ನಾನೂ ಇಂಥದ್ದೊಂದನ್ನು ಕೆಲವು ವರ್ಷಗಳಿಂದ ಓಡಿಸುತ್ತಿದ್ದೇನೆ. ಅದರಿಂದ ನಾನು ಕಂಡುಕೊಂಡದ್ದು ಇಷ್ಟು: ಈ ಕಾರಿನ ಹೆಚ್ಚಿನ ಕೆಲಸಗಳನ್ನು ಯಾವ ಒಳ್ಳೆಯ ಗ್ಯಾರೇಜ್‌ನಲ್ಲಾದರೂ ಮಾಡಿಸಬಹುದು. ಸುಬಾರುಗೇ ಮೀಸಲಾದ ವಿಷಯಗಳು ಬೆರಳೆಣಿಕೆಯಷ್ಟು. ದುಡ್ಡು ಸೋರಿಹೋಗುವುದು ಅಲ್ಲೇ.

ಇದು ಷೆವರ್ಲೆ ಆದದ್ದು ಹೇಗೆ?

ಸುಬಾರು ಕಾರುಗಳನ್ನು ಮಾಡುತ್ತಿದ್ದ ಕಂಪನಿಯ ಹೆಸರು ಫ್ಯುಜಿ ಹೆವಿ ಇಂಡಸ್ಟ್ರೀಸ್. ಸುಮಾರು 2000ದ ಹೊತ್ತಿಗೆ ಅಮೆರಿಕದ ಜನರಲ್ ಮೋಟರ್ಸ್ ಅದರ ಐದನೇ ಒಂದು ಪಾಲು ಷೇರು ಕೊಂಡಿತು. ಆ ನಂಟಿನಿಂದಲೇ ಸುಬಾರು ಫಾರೆಸ್ಟರ್ ಭಾರತಕ್ಕೆ ಷೆವರ್ಲೆ ಗುರುತು ಹೊತ್ತು ಬಂತು. 2005ರಲ್ಲಿ ಜನರಲ್ ಮೋಟರ್ಸ್ ಆ ಷೇರು ಮಾರಿತು. 2017ರ ಕೊನೆಗೆ ಭಾರತದಲ್ಲಿ ಕಾರು ಮಾರುವುದನ್ನೇ ನಿಲ್ಲಿಸಿತು. ಅದೇ ವರ್ಷ ಫ್ಯುಜಿ ಹೆವಿ ತನ್ನ ಹೆಸರನ್ನು ಸುಬಾರು ಕಾರ್ಪೊರೇಷನ್ ಎಂದು ಬದಲಿಸಿಕೊಂಡಿತು. ಜಪಾನೀ ಭಾಷೆಯಲ್ಲಿ ಸುಬಾರು ಅಂದರೆ ನಮ್ಮ ಕೃತ್ತಿಕಾ ನಕ್ಷತ್ರ. ಲಾಂಛನದಲ್ಲಿರುವ ಆರು ಚುಕ್ಕಿಗಳು ಅವೇ.

ಈ ಕಥೆ ಗೊತ್ತಿದ್ದರೆ ಕೈಯಲ್ಲಿ ದುಡ್ಡು ಉಳಿಯುತ್ತದೆ. ಜೆ.ಸಿ. ರೋಡ್‌ನ ಅಂಗಡಿಯಲ್ಲಿ ‘ಷೆವರ್ಲೆ ಪಾರ್ಟ್ಸ್’ ಅಂತ ಕೇಳಿದರೆ ಟವೇರಾ, ಸ್ಪಾರ್ಕ್‌ನ ಸಾಮಾನು ತೋರಿಸುತ್ತಾರೆ. ನಿಮಗೆ ಬೇಕಾದದ್ದು ಸುಬಾರು ಪಾರ್ಟ್ ನಂಬರ್.

ಮಲಗಿಕೊಂಡಿರುವ ಇಂಜಿನ್

ಸಾಮಾನ್ಯ ಕಾರಿನಲ್ಲಿ ಸಿಲಿಂಡರ್‌ಗಳು ಸಾಲಾಗಿ ನಿಂತಿರುತ್ತವೆ. ಪಿಸ್ಟನ್‌ಗಳು ಮೇಲೆ ಕೆಳಗೆ ಓಡಾಡುತ್ತವೆ. ಸುಬಾರುನಲ್ಲಿ ಸಿಲಿಂಡರ್‌ಗಳು ಮಲಗಿವೆ. ಎಡಕ್ಕೆ ಎರಡು, ಬಲಕ್ಕೆ ಎರಡು. ಎದುರುಬದುರಿನ ಪಿಸ್ಟನ್‌ಗಳು ಒಟ್ಟಿಗೆ ಹೊರಕ್ಕೆ ಹೋಗುತ್ತವೆ, ಒಟ್ಟಿಗೆ ಒಳಕ್ಕೆ ಬರುತ್ತವೆ. ಬಾಕ್ಸಿಂಗ್ ಆಡುವವರು ಕೈಗವಸು ತಟ್ಟಿಕೊಂಡ ಹಾಗೆ. ಅದಕ್ಕೇ ಇದಕ್ಕೆ ಬಾಕ್ಸರ್ ಇಂಜಿನ್ ಅನ್ನುತ್ತಾರೆ. 1966ರ ಸುಬಾರು 1000 ಕಾರಿನಿಂದ ಕಂಪನಿ ಈ ದಾರಿ ಹಿಡಿದಿದೆ. ನಮ್ಮ ಫಾರೆಸ್ಟರ್‌ನಲ್ಲಿರುವುದು ಇಜೆ ಸರಣಿಯ ಇಂಜಿನ್.

ಮಲಗಿರುವುದರಿಂದ ಕಾರಿನ ಭಾರ ಕೆಳಗೆ ಕೂರುತ್ತದೆ, ತಿರುವುಗಳಲ್ಲಿ ಓಲಾಟ ಕಮ್ಮಿ. ಚಾರ್ಮಾಡಿ ಘಾಟಿ ಇಳಿದವರಿಗೆ ಇದರ ಸುಖ ಗೊತ್ತು. ಆದರೆ ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ಸಿಲಿಂಡರ್ ಹೆಡ್‌ಗಳು, ಅಂದರೆ ಸಿಲಿಂಡರ್‌ಗಳ ಮುಚ್ಚಳಗಳು, ಎರಡೂ ಪಕ್ಕದಲ್ಲಿ ಕೆಳಮಟ್ಟದಲ್ಲಿವೆ. ಸೀಲ್ ಹಳೆಯದಾದರೆ ಆಯಿಲ್ ನೇರವಾಗಿ ಬಿಸಿ ಸೈಲೆನ್ಸರ್ ಪೈಪಿನ ಮೇಲೆ ತೊಟ್ಟಿಕ್ಕುತ್ತದೆ. ಸಿಗ್ನಲ್‌ನಲ್ಲಿ ನಿಂತಾಗ ಸುಟ್ಟ ಎಣ್ಣೆ ವಾಸನೆ ಬಂದರೆ ಮೊದಲು ನೋಡಬೇಕಾದ್ದು ವಾಲ್ವ್ ಕವರ್‌ನ ಗ್ಯಾಸ್ಕೆಟ್. ಅದು ಸಣ್ಣ ಖರ್ಚು. ಇಂಜಿನ್ನೇ ಹೋಯಿತು ಅಂತ ಗಾಬರಿಯಾಗಬೇಡಿ.

ಕುಕ್ಕರ್ ಗ್ಯಾಸ್ಕೆಟ್ ಮತ್ತು ಹೆಡ್ ಗ್ಯಾಸ್ಕೆಟ್

ಸುಬಾರು ಅಂದಕೂಡಲೇ ಮೆಕ್ಯಾನಿಕ್‌ಗಳು ಹೇಳುವ ಮೊದಲ ಮಾತು ಹೆಡ್ ಗ್ಯಾಸ್ಕೆಟ್. ಮನೆಯ ಕುಕ್ಕರ್ ನೆನಪಿಸಿಕೊಳ್ಳಿ. ಪಾತ್ರೆಗೂ ಮುಚ್ಚಳಕ್ಕೂ ನಡುವೆ ಇರುವ ರಬ್ಬರ್ ಸಡಿಲವಾದರೆ ಸೀಟಿ ಬರುವ ಬದಲು ಪಕ್ಕದಿಂದ ಹಬೆ ಸೋರುತ್ತದೆ. ಇಂಜಿನ್‌ನಲ್ಲಿ ಬ್ಲಾಕ್ ಪಾತ್ರೆ, ಹೆಡ್ ಮುಚ್ಚಳ, ನಡುವಿನ ತೆಳು ಹಾಳೆಯೇ ಹೆಡ್ ಗ್ಯಾಸ್ಕೆಟ್. ಒಂದೇ ವ್ಯತ್ಯಾಸ, ಇಲ್ಲಿ ಆ ಹಾಳೆ ಮೂರು ವಸ್ತುಗಳನ್ನು ಬೇರೆಬೇರೆ ಇಡಬೇಕು: ಉರಿಯುವ ಗಾಳಿ, ಆಯಿಲ್, ಇಂಜಿನ್ ತಣ್ಣಗಿಡುವ ದ್ರವವಾದ ಕೂಲೆಂಟ್. ಬಾಕ್ಸರ್ ಇಂಜಿನ್‌ಗೆ ಇಂಥ ಹಾಳೆಗಳು ಎರಡು.

ಸೋರಿಕೆ ಎರಡು ಬಗೆ. ಒಂದು ಹೊರಕ್ಕೆ. ಹೆಡ್‌ನ ಕೆಳಗಿನ ಅಂಚಿನಲ್ಲಿ ಎಣ್ಣೆ ಅಥವಾ ಕೂಲೆಂಟ್ ಬೆವರಿದ ಹಾಗೆ ಕಾಣುತ್ತದೆ. ಇದು ನಿಧಾನದ ಕಾಯಿಲೆ. ಕೂಲೆಂಟ್ ಮಟ್ಟ ನೋಡಿಕೊಳ್ಳುತ್ತಾ ಇದ್ದರೆ ದುಡ್ಡು ಕೂಡಿಸಿಕೊಳ್ಳಲು ಸಮಯ ಸಿಗುತ್ತದೆ. ಇನ್ನೊಂದು ಒಳಗಿನ ಸೋರಿಕೆ. ಉರಿಯುವ ಗಾಳಿ ಕೂಲೆಂಟ್‌ನೊಳಗೆ ನುಗ್ಗುತ್ತದೆ. ಕೂಲೆಂಟ್ ಡಬ್ಬಿಯಲ್ಲಿ ಗುಳ್ಳೆ ಏಳುತ್ತಲೇ ಇರುತ್ತವೆ. ಏರು ಹತ್ತುವಾಗ ಬಿಸಿಯ ಮುಳ್ಳು ಮೇಲಕ್ಕೆ ಹೋಗಿ ಮತ್ತೆ ಇಳಿಯುತ್ತದೆ. ಇದು ಕಂಡರೆ ಕಾರು ಓಡಿಸುವುದನ್ನು ನಿಲ್ಲಿಸಿ. ಹಾಗೇ ಓಡಿಸುತ್ತಾ ಹೋದರೆ ಹೆಡ್ ಸೊಟ್ಟಗಾಗಬಹುದು. ಆಗ ಖರ್ಚು ಎಲ್ಲಿಗೋ ಹೋಗುತ್ತದೆ.

ಸುಮ್ನೆ ಅನುಮಾನದ ಮೇಲೆ ಇಂಜಿನ್ ಬಿಚ್ಚಿಸಬಾರದು. ರೇಡಿಯೇಟರ್ ಬಾಯಿಗೆ ಇಟ್ಟು ಪರೀಕ್ಷಿಸುವ ಒಂದು ನೀಲಿ ದ್ರವ ಇದೆ. ಉರಿದ ಗಾಳಿ ತಾಗಿದರೆ ಅದು ಹಳದಿಗೆ ತಿರುಗುತ್ತದೆ. ಹತ್ತು ನಿಮಿಷದ ಕೆಲಸ. ಮೊದಲು ಅದನ್ನು ಮಾಡಿಸಿ.

ನಮ್ಮೂರ ನೀರು, ನಮ್ಮೂರ ಟ್ರಾಫಿಕ್

ಗ್ಯಾಸ್ಕೆಟ್ ಕೆಡುವುದಕ್ಕೆ ಅತಿ ಬಿಸಿ ಒಂದು ದೊಡ್ಡ ಕಾರಣ. ಬೆಂಗಳೂರಿನಲ್ಲಿ ಬಿಸಿಗೆ ಎರಡು ದಾರಿ. ಸಿಲ್ಕ್ ಬೋರ್ಡ್ ಕಡೆ ಅರ್ಧ ಗಂಟೆ ತೆವಳಿದರೆ ಎದುರುಗಾಳಿಯೇ ಇರುವುದಿಲ್ಲ. ರೇಡಿಯೇಟರ್ ತಣ್ಣಗಾಗುವುದು ಫ್ಯಾನ್‌ನಿಂದ ಮಾತ್ರ. ಹಾಗಾಗಿ ಎರಡೂ ಫ್ಯಾನ್ ತಿರುಗುತ್ತಿವೆಯಾ ಅಂತ ಮನೆಯ ಮುಂದೆಯೇ ಎಸಿ ಹಾಕಿ ನೋಡಿ.

ಇನ್ನೊಂದು ನೀರು. ಬೋರ್‌ವೆಲ್ ನೀರು ಬಳಸುವ ಮನೆಗಳಲ್ಲಿ ಗೀಸರ್ ಕಾಯಿಲ್ ಮೇಲೆ ಬಿಳಿ ಪದರ ಕಟ್ಟುತ್ತದಲ್ವಾ? ಅದೇ ನೀರನ್ನು ರೇಡಿಯೇಟರ್‌ಗೆ ಸುರಿದರೆ ಅದೇ ಪದರ ಒಳಗಿನ ಸಣ್ಣ ನಾಳಗಳಲ್ಲಿ ಕಟ್ಟುತ್ತದೆ. ಬಕೆಟ್‌ನಿಂದ ನೀರು ತುಂಬಿಸುವ ಅಭ್ಯಾಸ ಈ ಕಾರಿಗೆ ವಿಷ. ಜಪಾನೀ ಕಾರುಗಳಿಗೆ ಹೊಂದುವ ಕೂಲೆಂಟ್ ಮತ್ತು ಡಿಸ್ಟಿಲ್ಡ್ ವಾಟರ್, ಅಂದರೆ ಬ್ಯಾಟರಿಗೆ ಹಾಕುವ ನೀರು, ಅರ್ಧರ್ಧ ಬೆರೆಸಿ ಹಾಕಿ.

ಹಾಕುವ ರೀತಿಯೂ ಮುಖ್ಯ. ಮಲಗಿದ ಇಂಜಿನ್‌ನಲ್ಲಿ ಗಾಳಿ ಸಿಕ್ಕಿಹಾಕಿಕೊಳ್ಳುವುದು ಸುಲಭ. ಕಿರಿದಾದ ಬಾಟಲಿಗೆ ಗಡಿಬಿಡಿಯಲ್ಲಿ ನೀರು ಹಿಡಿದರೆ ಬುಳಬುಳ ಅಂದು ಉಕ್ಕುತ್ತದೆ, ಬಾಟಲಿ ಮಾತ್ರ ತುಂಬಿರುವುದಿಲ್ಲ. ಹಾಗೇ ಇದೂ. ರೇಡಿಯೇಟರ್ ಮೇಲಿರುವ ಗಾಳಿ ಬಿಡುವ ಸ್ಕ್ರೂ ಸಡಿಲಿಸಿ, ನಿಧಾನವಾಗಿ ತುಂಬಿಸಿ, ಇಂಜಿನ್ ಓಡಿಸಿ, ತಣ್ಣಗಾದ ಮೇಲೆ ಮತ್ತೆ ಮಟ್ಟ ನೋಡಬೇಕು. ಸಿಕ್ಕಿಕೊಂಡ ಗಾಳಿಯಿಂದ ಬಿಸಿಯಾಗುವ ಕಾರಿಗೂ ‘ಹೆಡ್ ಗ್ಯಾಸ್ಕೆಟ್ ಹೋಗಿದೆ’ ಎಂಬ ತೀರ್ಪು ಕೊಡುವವರಿದ್ದಾರೆ.

‘ಥರ್ಮೋಸ್ಟ್ಯಾಟ್ ತೆಗೆದುಬಿಡೋಣ ಸರ್, ಬಿಸಿ ಆಗೋದೇ ಇಲ್ಲ’ ಎಂಬ ಸಲಹೆಯೂ ಬರುತ್ತದೆ. ಥರ್ಮೋಸ್ಟ್ಯಾಟ್ ಅಂದರೆ ಕೂಲೆಂಟ್ ರೇಡಿಯೇಟರ್‌ಗೆ ಹೋಗುವ ದಾರಿಯ ಬಾಗಿಲು. ಇಂಜಿನ್ ಬಿಸಿಯಾಗುವವರೆಗೆ ಮುಚ್ಚಿರುತ್ತದೆ, ಸುಮಾರು 78 ಡಿಗ್ರಿಗೆ ತೆರೆಯಲು ಶುರುಮಾಡುತ್ತದೆ. ಅದನ್ನು ಕಿತ್ತುಹಾಕಿದರೆ ಇಂಜಿನ್ ಸರಿಯಾದ ಬಿಸಿಗೆ ಬರಲು ತುಂಬಾ ಹೊತ್ತು ಬೇಕು. ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಆಯಿಲ್ ಬೇಗ ಕೆಡುತ್ತದೆ. ತೆಗೆಯಬೇಡಿ, ಒರಿಜಿನಲ್ ಹಾಕಿಸಿ. ನನ್ನ ಪ್ರಕಾರ ಈ ಕಾರಿನಲ್ಲಿ ಅಗ್ಗದ ಮಾಲು ಹಾಕಲೇಬಾರದ ಮೊದಲ ಭಾಗ ಇದು.

ಒಂದೇ ಒರಳು, ಎರಡು ಒನಕೆ

ಈಗ ಟೈಮಿಂಗ್ ಬೆಲ್ಟ್. ಹಿಂದೆ ಹಳ್ಳಿಗಳಲ್ಲಿ ಇಬ್ಬರು ಹೆಂಗಸರು ಒಂದೇ ಒರಳಿನಲ್ಲಿ ಸರದಿಯಂತೆ ಒನಕೆಯಿಂದ ಕುಟ್ಟುತ್ತಿದ್ದರು. ಒಬ್ಬರದು ಮೇಲೇಳುವಾಗ ಇನ್ನೊಬ್ಬರದು ಇಳಿಯಬೇಕು. ತಾಳ ತಪ್ಪಿದರೆ ಒನಕೆಗೆ ಒನಕೆ ಬಡಿಯುತ್ತದೆ. ಇಂಜಿನ್‌ನಲ್ಲಿ ಪಿಸ್ಟನ್ ಒಂದು ಒನಕೆ, ಸಿಲಿಂಡರ್‌ಗೆ ಗಾಳಿ ಒಳಬಿಟ್ಟು ಹೊಗೆ ಹೊರಬಿಡುವ ವಾಲ್ವ್ ಇನ್ನೊಂದು. ತಾಳ ಹಿಡಿದಿರುವುದು ಈ ರಬ್ಬರ್ ಬೆಲ್ಟ್. ಅದು ತುಂಡಾದರೆ ವಾಲ್ವ್‌ಗಳು ಪಿಸ್ಟನ್‌ಗೆ ಬಡಿದು ಬಗ್ಗುತ್ತವೆ. ಮುನ್ಸೂಚನೆ ಏನೂ ಇರುವುದಿಲ್ಲ.

ಸುಮಾರು 1 ಲಕ್ಷ ಕಿ.ಮೀ.ಗೆ ಬೆಲ್ಟ್ ಬದಲಿಸುವುದು ರೂಢಿ. ಆದರೆ ನಮ್ಮೂರಿನಲ್ಲಿ ಮೀಟರ್ ಮಾತ್ರ ನಂಬಬಾರದು. ಟ್ರಾಫಿಕ್‌ನಲ್ಲಿ ಕಾರು ನಿಂತಲ್ಲೇ ನಿಂತಿದ್ದರೂ ಇಂಜಿನ್ ಆನ್ ಇರುವವರೆಗೆ ಬೆಲ್ಟ್ ಓಡುತ್ತಲೇ ಇರುತ್ತದೆ. ವರ್ಷ ಕಳೆದಂತೆ ರಬ್ಬರ್ ತಾನಾಗಿಯೂ ಒಣಗುತ್ತದೆ. ಹಿಂದಿನ ಮಾಲೀಕರು ಯಾವಾಗ ಬದಲಿಸಿದರು ಅಂತ ಬಿಲ್ ಇಲ್ಲದಿದ್ದರೆ, ಬದಲಿಸಿಲ್ಲ ಅಂತಲೇ ತಿಳಿಯಿರಿ.

ಇಲ್ಲೇ ದುಡ್ಡಿನ ಲೆಕ್ಕ ಇದೆ. ಇದೇ ಬೆಲ್ಟ್ ವಾಟರ್ ಪಂಪನ್ನೂ ತಿರುಗಿಸುತ್ತದೆ. ಅದರ ದಾರಿಯಲ್ಲಿ ಬೆಲ್ಟಿಗೆ ದಾರಿ ತೋರಿಸುವ ಕೆಲವು ಐಡ್ಲರ್ ಬೇರಿಂಗ್‌ಗಳೂ ಅದನ್ನು ಬಿಗಿಯಾಗಿಡುವ ಒಂದು ಟೆನ್ಷನರ್ ಕೂಡ ಇವೆ. ಬೆಲ್ಟ್ ಮಾತ್ರ ಹೊಸದು ಹಾಕಿ ಹಳೆಯ ಬೇರಿಂಗ್ ಬಿಟ್ಟರೆ, ನಾಳೆ ಅದು ಹಿಡಿದುಕೊಂಡು ಹೊಸ ಬೆಲ್ಟನ್ನೂ ಹರಿಯುತ್ತದೆ. ಇಲ್ಲಿ ಸಾಮಾನಿಗಿಂತ ಬಿಚ್ಚಿ ಜೋಡಿಸುವ ಕೂಲಿಯೇ ದೊಡ್ಡದು. ಹಾಗಾಗಿ ಬೆಲ್ಟ್, ಬೇರಿಂಗ್‌ಗಳು, ಟೆನ್ಷನರ್, ಪಂಪ್, ಥರ್ಮೋಸ್ಟ್ಯಾಟ್, ಮುಂದಿನ ಆಯಿಲ್ ಸೀಲ್‌ಗಳು ಇಷ್ಟನ್ನೂ ಒಂದೇ ಸಲ ಮಾಡಿಸಿ. ಐಸಿನ್‌ನಂಥ ಜಪಾನೀ ಕಂಪನಿಗಳು ಇವುಗಳಲ್ಲಿ ಹೆಚ್ಚಿನವನ್ನು ಒಂದೇ ಪೆಟ್ಟಿಗೆಯಲ್ಲಿ ಕಿಟ್ ಆಗಿ ಮಾರುತ್ತವೆ.

ಹೆಡ್ ಗ್ಯಾಸ್ಕೆಟ್‌ಗೂ ಇದೇ ಲೆಕ್ಕ. ಅದಕ್ಕೆ ಸಾಮಾನ್ಯವಾಗಿ ಇಂಜಿನ್ ಇಳಿಸುತ್ತಾರೆ. ಒಂದು ಕಡೆ ಮಾತ್ರ ಸೋರುತ್ತಿದ್ದರೂ ಎರಡೂ ಕಡೆ ಬದಲಿಸಿ. ಹೆಡ್‌ಗಳನ್ನು ಲೇತ್‌ಗೆ ಕಳಿಸಿ ಫೇಸಿಂಗ್, ಅಂದರೆ ಮೇಲ್ಮೈ ಸಮತಟ್ಟು, ಮಾಡಿಸಿ. ಹಲವು ಪದರದ ಉಕ್ಕಿನ ಗ್ಯಾಸ್ಕೆಟ್ ಹಾಕಿಸಿ, ಹಳೆಯ ಒಂದೇ ಪದರದ್ದಕ್ಕಿಂತ ಅದು ಗಟ್ಟಿ. ಗೇರ್ ಕೈಯಿಂದ ಹಾಕುವ ಗಾಡಿಯಾದರೆ ಕ್ಲಚ್ ಅನ್ನೂ ಆಗಲೇ ನೋಡಿಸಿ.

ನಾಲ್ಕು ಚಕ್ರಕ್ಕೆ ಒಂದೇ ನೊಗ

ಫಾರೆಸ್ಟರ್‌ನಲ್ಲಿ ಇಂಜಿನ್ ಶಕ್ತಿ ನಾಲ್ಕೂ ಚಕ್ರಗಳಿಗೆ ಯಾವಾಗಲೂ ಹೋಗುತ್ತದೆ. ಗುಂಡಿ ಒತ್ತಿ ಹಾಕಿಕೊಳ್ಳುವ ಫೋರ್ ವೀಲ್ ಡ್ರೈವ್ ಅಲ್ಲ. ಎತ್ತರದ ಎತ್ತಿಗೂ ಕುಳ್ಳ ಎತ್ತಿಗೂ ಒಂದೇ ನೊಗ ಕಟ್ಟಿದರೆ ಏನಾಗುತ್ತದೆ? ಇಬ್ಬರ ಹೆಜ್ಜೆ ಕೂಡುವುದಿಲ್ಲ, ನೊಗ ತಿರುಚಿಕೊಳ್ಳುತ್ತದೆ. ಸವೆದ ಟೈರ್ ಕುಳ್ಳ ಎತ್ತು. ಅದರ ಸುತ್ತಳತೆ ಕಮ್ಮಿ, ಆದ್ದರಿಂದ ಅಷ್ಟೇ ದೂರಕ್ಕೆ ಜಾಸ್ತಿ ಸುತ್ತಬೇಕು. ಆ ವ್ಯತ್ಯಾಸವನ್ನು ಗೇರ್‌ಬಾಕ್ಸ್‌ನೊಳಗಿನ ಒಂದು ಭಾಗ ನಿರಂತರ ನುಂಗುತ್ತಾ ಬಿಸಿಯಾಗಿ ಸಾಯುತ್ತದೆ.

ಸುಬಾರು ಒಪ್ಪುವ ವ್ಯತ್ಯಾಸ ಸುತ್ತಳತೆಯಲ್ಲಿ ಕಾಲು ಇಂಚು, ಅಂದರೆ ಸುಮಾರು 6 ಮಿ.ಮೀ. ಮಾತ್ರ. ಮನೆಯಲ್ಲಿರುವ ಟೈಲರ್ ಟೇಪ್ ಸಾಕು, ಟೈರ್ ಸುತ್ತ ಹಿಡಿದು ಅಳೆಯಿರಿ. ನಾಲ್ಕನ್ನೂ ಒಂದೇ ಕಂಪನಿ, ಒಂದೇ ಮಾದರಿ ಹಾಕಿ, ಒಟ್ಟಿಗೆ ಬದಲಿಸಿ. ನಡುವೆ ಒಂದು ಒಡೆದರೆ ಅದೇ ಮಾದರಿಯ, ಅಷ್ಟೇ ಸವೆದ ಹಳೆ ಟೈರ್ ಹುಡುಕುವುದು ಕಮ್ಮಿ ಖರ್ಚಿನ ದಾರಿ. ನಾನು ಸ್ಟೆಪ್ನಿಯನ್ನೂ ಸರದಿಯಲ್ಲಿ ಓಡಿಸುತ್ತೇನೆ, ಐದೂ ಒಂದೇ ಸಮ ಸವೆಯುತ್ತವೆ.

ಆಗಲೇ ಕೆಟ್ಟಿದೆಯಾ ಅಂತ ನೋಡಲು ಖಾಲಿ ಜಾಗಕ್ಕೆ ಹೋಗಿ. ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನವಾಗಿ ಸುತ್ತು ಹಾಕಿ. ಯಾರೋ ಹಿಂದಿನಿಂದ ಎಳೆದು ಹಿಡಿದ ಹಾಗೆ ಕಾರು ತಡೆದು ತಡೆದು ಹೋದರೆ ತೊಂದರೆ ಇದೆ. ಇದೇ ಸುತ್ತಿನಲ್ಲಿ ಮುಂದಿನ ಚಕ್ರದ ಕಡೆಯಿಂದ ಟಕ್ ಟಕ್ ಶಬ್ದ ಬಂದರೆ ಅದು ಆಕ್ಸಲ್ ಜಾಯಿಂಟ್. ಅದರ ಮೇಲಿನ ರಬ್ಬರ್ ಬೂಟ್ ಹರಿದು ಗ್ರೀಸ್ ಹೋಗಿರುತ್ತದೆ. ಬೂಟ್ ಹರಿದ ಕೂಡಲೇ ಹೊಸದು ಹಾಕಿಸಿದರೆ ಜಾಯಿಂಟ್ ಉಳಿಯುತ್ತದೆ. ಸರ್ವಿಸ್‌ಗೆ ಗಾಡಿ ಎತ್ತಿದಾಗಲೆಲ್ಲ ನಾನೇ ಬಗ್ಗಿ ನಾಲ್ಕೂ ಬೂಟ್ ನೋಡುತ್ತೇನೆ.

ಕಾರು ಕೆಟ್ಟು ನಿಂತಾಗ ಎರಡು ಚಕ್ರ ಎತ್ತಿ ಎಳೆದುಕೊಂಡು ಹೋಗಲು ಬಿಡಬೇಡಿ. ಎಷ್ಟು ಹೊತ್ತಾದರೂ ಸರಿ, ಇಡೀ ಕಾರನ್ನು ಮೇಲೆ ಹೊತ್ತೊಯ್ಯುವ ಫ್ಲಾಟ್‌ಬೆಡ್ ಗಾಡಿಯನ್ನೇ ಕರೆಸಿ.

ತಪ್ಪು ಬೋಲ್ಟ್ ಬಿಚ್ಚಿದರೆ

ನನ್ನ ಕಾರಿಗೇ ಆದದ್ದು ಹೇಳುತ್ತೇನೆ. ಆಯಿಲ್ ಬದಲಿಸಲು ಒಂದು ಗ್ಯಾರೇಜ್‌ಗೆ ಬಿಟ್ಟಿದ್ದೆ. ಆಟೋಮ್ಯಾಟಿಕ್ ಸುಬಾರುವಿನ ಹೊಟ್ಟೆಯಡಿ ಹತ್ತಿರ ಹತ್ತಿರದಲ್ಲೇ ಮೂರು ಡ್ರೈನ್ ಬೋಲ್ಟ್ ಇವೆ: ಇಂಜಿನ್‌ನದು, ಗೇರ್‌ಬಾಕ್ಸ್‌ನದು, ಮುಂದಿನ ಡಿಫರೆನ್ಷಿಯಲ್‌ನದು (ಮುಂದಿನ ಎರಡು ಚಕ್ರಗಳಿಗೆ ಶಕ್ತಿ ಹಂಚುವ ಭಾಗ). ಹುಡುಗ ಗೇರ್‌ಬಾಕ್ಸ್‌ನ ಆಯಿಲ್ ಇಳಿಸಿ, ಇಂಜಿನ್‌ಗೆ ನಾಲ್ಕು ಲೀಟರ್ ಹೊಸದು ಸುರಿದ. ಇಂಜಿನ್‌ನಲ್ಲಿ ಎರಡರಷ್ಟು ಆಯಿಲ್, ಗೇರ್‌ಬಾಕ್ಸ್ ಖಾಲಿ. ಹೊರಡುವ ಮುಂಚೆ ಡಿಪ್‌ಸ್ಟಿಕ್ ಎಳೆದು ನೋಡಿದ್ದರಿಂದ ಗೊತ್ತಾಯಿತು. ಆ ಹುಡುಗನ ತಪ್ಪು ಅಂತ ನಾನು ಹೇಳುವುದಿಲ್ಲ. ಅವನು ಸುಬಾರು ನೋಡಿದ್ದೇ ಅವತ್ತು. ಅಂದಿನಿಂದ ಇಂಜಿನ್‌ನ ಬೋಲ್ಟ್ ಸುತ್ತ ಬಿಳಿ ಬಣ್ಣ ಬಳಿದಿದ್ದೇನೆ.

ಆಟೋಮ್ಯಾಟಿಕ್‌ನಲ್ಲಿ ಮುಂದಿನ ಡಿಫರೆನ್ಷಿಯಲ್‌ಗೆ ಬೇರೆಯೇ ಗೇರ್ ಆಯಿಲ್, ಅದಕ್ಕೆ ಬೇರೆಯೇ ಡಿಪ್‌ಸ್ಟಿಕ್. ಎಷ್ಟೋ ಮಾಲೀಕರಿಗೆ ಅದು ಇದೆ ಅಂತಲೇ ಗೊತ್ತಿರುವುದಿಲ್ಲ. ಇಂಜಿನ್ ಆಯಿಲ್ ಮಟ್ಟವನ್ನು ಸಮತಟ್ಟು ಜಾಗದಲ್ಲಿ, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ ವಾರಕ್ಕೊಮ್ಮೆ ನೋಡಿ. ಹಳೆಯ ಇಜೆ ಇಂಜಿನ್ ಸ್ವಲ್ಪ ಆಯಿಲ್ ಕುಡಿಯಬಹುದು. ಕುಡಿದದ್ದು ಗೊತ್ತಾಗದೆ ಓಡಿಸುವುದೇ ಅಪಾಯ. ಟರ್ಬೊ ಇದ್ದರೆ ಇನ್ನೂ ಹುಷಾರು, ಏಕೆಂದರೆ ಟರ್ಬೊ ತಿರುಗುವುದೇ ಆಯಿಲ್‌ನ ಪದರದ ಮೇಲೆ.

ಸಾಮಾನು ಎಲ್ಲಿ ಸಿಗುತ್ತದೆ?

ಮೊದಲು ಚಾಸಿಸ್ ನಂಬರ್ ಬರೆದುಕೊಳ್ಳಿ. ಅದರಿಂದ ಸುಬಾರು ಪಾರ್ಟ್ ನಂಬರ್ ಸಿಗುತ್ತದೆ. ಆ ನಂಬರ್ ಕೈಯಲ್ಲಿದ್ದರೆ ಫಾರೆಸ್ಟರ್ ಮಾರಾಟವಾದ ಯಾವ ದೇಶದಿಂದಲಾದರೂ ತರಿಸಬಹುದು. ಇಂಗ್ಲೆಂಡ್, ಆಸ್ಟ್ರೇಲಿಯಾದಲ್ಲೂ ಸ್ಟೀರಿಂಗ್ ಬಲಕ್ಕೇ ಇರುವುದರಿಂದ ಅಲ್ಲಿಯವು ಚೆನ್ನಾಗಿ ಹೊಂದುತ್ತವೆ. ಕಸ್ಟಮ್ಸ್ ಸುಂಕ, ಸಾಗಣೆ ಸೇರಿಸಿಯೇ ಬೆಲೆ ಹೋಲಿಸಿ. ಇಬ್ಬರು ಮೂವರು ಮಾಲೀಕರು ಸೇರಿ ಒಂದೇ ಪಾರ್ಸೆಲ್ ತರಿಸಿದರೆ ಸಾಗಣೆ ಖರ್ಚು ಹಂಚಿಹೋಗುತ್ತದೆ.

ಎಲ್ಲವನ್ನೂ ಹೊರಗಿನಿಂದ ತರಿಸಬೇಕಿಲ್ಲ. ಬೇರಿಂಗ್‌ಗಳ ಮೇಲೆ ಅವುಗಳದೇ ನಂಬರ್ ಇರುತ್ತದೆ. ಆಯಿಲ್ ಸೀಲ್ ಮೇಲೆ ಒಳಗಿನ ಅಳತೆ, ಹೊರಗಿನ ಅಳತೆ, ದಪ್ಪ ಮೂರೂ ಇರುತ್ತವೆ. ಹಳೆಯದನ್ನು ಒರೆಸಿ ಜೆ.ಸಿ. ರೋಡ್‌ನ ಅಂಗಡಿಗೆ ತೆಗೆದುಕೊಂಡು ಹೋದರೆ ಅಳತೆ ನೋಡಿ ಹೊಂದಿಸಿಕೊಡುವವರಿದ್ದಾರೆ. ಬ್ಯಾಟರಿ, ಬಲ್ಬ್, ವೈಪರ್, ಹೋಸ್ ಕ್ಲಿಪ್ ಇವೆಲ್ಲ ಎಲ್ಲ ಕಾರಿನವೇ. ಆಯಿಲ್ ಫಿಲ್ಟರ್ ವಿಷಯದಲ್ಲಿ ಮಾತ್ರ ಮೋಸ ಹೋಗಬೇಡಿ. ಬೇರೆ ಕಾರಿನ ಫಿಲ್ಟರ್ ಥ್ರೆಡ್ ಹೊಂದಿ ಕೂರಬಹುದು, ಆದರೆ ಫಿಲ್ಟರ್ ಕಟ್ಟಿಕೊಂಡಾಗ ಆಯಿಲ್‌ಗೆ ಬೇರೆ ದಾರಿ ಬಿಡುವ ಬೈಪಾಸ್ ವಾಲ್ವ್ ತೆರೆಯುವ ಒತ್ತಡ ಬೇರೆ ಇರಬಹುದು.

ಡೋರ್ ಹ್ಯಾಂಡಲ್, ಗಾಜು, ಕನ್ನಡಿ, ಸೀಟಿನಂಥವಕ್ಕೆ ಗುಜರಿ ಸಾಮಾನು ತಪ್ಪಲ್ಲ. ರಬ್ಬರ್, ಬೆಲ್ಟ್, ಬ್ರೇಕ್‌ಗೆ ಸಂಬಂಧಿಸಿದ ಯಾವುದನ್ನೂ ಗುಜರಿಯಿಂದ ತರಬೇಡಿ.

ಇ20 ಪೆಟ್ರೋಲ್ ಹಾಕಬಹುದಾ?

ಶೇ 20 ಎಥೆನಾಲ್ ಬೆರೆತ ಪೆಟ್ರೋಲ್‌ಗೆ ಇ20 ಎನ್ನುತ್ತಾರೆ. ಅದರ ಮಾರಾಟಕ್ಕೆ ಚಾಲನೆ ಸಿಕ್ಕಿದ್ದು 2023ರ ಫೆಬ್ರುವರಿ 6ರಂದು, ನಮ್ಮ ಬೆಂಗಳೂರಿನಲ್ಲೇ. ಎಥೆನಾಲ್ ಒಂದು ಬಗೆಯ ಮದ್ಯಸಾರ. ಅದಕ್ಕೆ ಎರಡು ಗುಣ. ಮಳೆಗಾಲದಲ್ಲಿ ಉಪ್ಪು ನೀರಾಗುವ ಹಾಗೆ ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಹಳೆಯ ಬಗೆಯ ಕೆಲವು ರಬ್ಬರ್‌ಗಳನ್ನು ಉಬ್ಬಿಸುತ್ತದೆ ಅಥವಾ ಬಿರುಕು ಬಿಡಿಸುತ್ತದೆ. ಜತೆಗೆ ಪೆಟ್ರೋಲ್‌ಗಿಂತ ಅದರಲ್ಲಿ ಶಕ್ತಿ ಕಮ್ಮಿ, ಆದ್ದರಿಂದ ಮೈಲೇಜ್ ಸ್ವಲ್ಪ ಇಳಿಯುತ್ತದೆ.

ಹಳೆಯ ಫಾರೆಸ್ಟರ್ ಇದನ್ನು ಲೆಕ್ಕಕ್ಕೆ ತೆಗೆದುಕೊಂಡು ಮಾಡಿದ ಕಾರಲ್ಲ. ಹಾಗಂತ ಹಾಕಿದ ಕೂಡಲೇ ನಿಂತುಬಿಡುವುದೂ ಇಲ್ಲ. ನೋಡಬೇಕಾದ್ದು ಬಾನೆಟ್ ಒಳಗಿನ ಪೆಟ್ರೋಲ್ ಹೋಸ್‌ಗಳನ್ನು. ಬೆಳಿಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿದ ಕೂಡಲೇ ಪೆಟ್ರೋಲ್ ವಾಸನೆ ಬಂದರೆ ಅಲಕ್ಷ್ಯ ಮಾಡಬೇಡಿ. ಇಪ್ಪತ್ತು ವರ್ಷದ ಹೋಸ್ ಹೇಗೂ ಬದಲಾಗಬೇಕು. ಎಥೆನಾಲ್ ತಡೆಯುವ ಫ್ಯೂಯೆಲ್ ಇಂಜೆಕ್ಷನ್ ಹೋಸ್ ಅಂತಲೇ ಕೇಳಿ ಮೀಟರ್ ಲೆಕ್ಕದಲ್ಲಿ ತನ್ನಿ. ಕಾರನ್ನು ಅರ್ಧ ಟ್ಯಾಂಕ್ ಪೆಟ್ರೋಲ್‌ನೊಂದಿಗೆ ತಿಂಗಳುಗಟ್ಟಲೆ ನಿಲ್ಲಿಸಬೇಡಿ. ವಾರಕ್ಕೊಮ್ಮೆಯಾದರೂ ಓಡಿಸಿ.

ಮೊದಲು ಯಾವುದಕ್ಕೆ ದುಡ್ಡು?

ಕಾರು ಕೈಗೆ ಬಂದ ಮೊದಲ ತಿಂಗಳು ಪಾಲಿಶ್, ಮ್ಯೂಸಿಕ್ ಸಿಸ್ಟಮ್ ಯಾವುದೂ ಬೇಡ. ಕೂಲೆಂಟ್, ಎಲ್ಲ ಆಯಿಲ್‌ಗಳು, ಬ್ರೇಕ್ ಆಯಿಲ್, ಪೆಟ್ರೋಲ್ ಹೋಸ್. ಇವು ಮೊದಲು. ಬೆಲ್ಟ್‌ನ ಬಿಲ್ ಇಲ್ಲದಿದ್ದರೆ ಬೆಲ್ಟ್ ಕಿಟ್ ಆಗುವವರೆಗೆ ದೂರದ ಪ್ರಯಾಣ ಬೇಡ. ಆಮೇಲೆ ಟೈರ್. ಶಾಕ್ ಅಬ್ಸಾರ್ಬರ್, ವೀಲ್ ಬೇರಿಂಗ್ ಶಬ್ದ ಮಾಡಿ ತಾವೇ ಹೇಳಿಕೊಳ್ಳುತ್ತವೆ, ಅವಕ್ಕೆ ಸ್ವಲ್ಪ ಕಾಯಬಹುದು.

ಆರ್‌ಸಿ ನವೀಕರಣದ ತಾರೀಖು ಹತ್ತಿರವಿದ್ದರೆ ಇಂಜಿನ್ ಕೆಲಸಕ್ಕೆ ಕೈಹಾಕುವ ಮುಂಚೆ ಮೈ ನೋಡಿಸಿ. ಬೆಂಗಳೂರಿನಲ್ಲೇ ಇದ್ದ ಕಾರಿಗೆ ತುಕ್ಕು ಕಮ್ಮಿ. ಮಂಗಳೂರು, ಉಡುಪಿ ಕಡೆ ಸಮುದ್ರದ ಗಾಳಿಯಲ್ಲಿ ವರ್ಷಗಟ್ಟಲೆ ನಿಂತ ಕಾರಾದರೆ ಹಿಂದಿನ ಚಕ್ರದ ಮೇಲ್ಭಾಗ, ಬಾಗಿಲ ಕೆಳಗಿನ ಅಂಚು, ಸಸ್ಪೆನ್ಷನ್ ಕೂರುವ ಜಾಗಗಳನ್ನು ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ನೋಡಿ. ಗಟ್ಟಿ ತಗಡು ಠಣ್ ಅನ್ನುತ್ತದೆ. ತುಕ್ಕು ತಿಂದ ತಗಡು ಮೆತ್ತಗೆ ಮಣಿಯುತ್ತದೆ. ಸಸ್ಪೆನ್ಷನ್ ಕೂರುವಲ್ಲೇ ಹೀಗಾಗಿದ್ದರೆ ನವೀಕರಣ ಶುಲ್ಕ ಕಟ್ಟುವ ಮೊದಲು ಟಿಂಕರಿಂಗ್ ಖರ್ಚಿನ ಅಂದಾಜು ಕೇಳಿ. ಇಂಜಿನ್‌ನ ಮಾತು ಅದಾದ ಮೇಲೆ.